ಬಾನಮ್‌ನ ಅತ್ಯುತ್ತಮ ಡ್ರಮ್ಮಿಂಗ್ ಯಾವುದು? ಎಂಟು ಆಲ್ಬಮ್ ನುಡಿಸಿ ನೋಡಿದ ನನ್ನ ಅನುಭವ

ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್ ಕೇಳುವ ಇಬ್ಬರು ಸೇರಿದರೆ ಅದರ ಡ್ರಮ್ಮರ್ ಜಾನ್ ಬಾನಮ್ ಮಾತು ಬಂದೇ ಬರುತ್ತದೆ. ಅವನು ಅತಿ ಚೆನ್ನಾಗಿ ನುಡಿಸಿದ್ದು ಯಾವ ಹಾಡಿನಲ್ಲಿ? ನಮ್ಮ ಬ್ಯಾಂಡಿನ ಬೇಸ್ ವಾದಕನ ಉತ್ತರ ಯಾವಾಗಲೂ ‘ವೆನ್ ದ ಲೆವೀ ಬ್ರೇಕ್ಸ್’. ಗಿಟಾರ್ ಹುಡುಗನದು ‘ಮೋಬಿ ಡಿಕ್’. ನನಗೆ ಎರಡೂ ಒಪ್ಪಿಗೆಯಿರಲಿಲ್ಲ. ಸುಮ್ನೆ ಕೇಳಿ ವಾದ ಮಾಡಿದರೆ ಇದು ಬಗೆಹರಿಯುವುದಿಲ್ಲ ಅನ್ನಿಸಿತು. 1969ರ ಮೊದಲ ಆಲ್ಬಮ್‌ನಿಂದ 1979ರ ‘ಇನ್ ಥ್ರೂ ದ ಔಟ್ ಡೋರ್’ವರೆಗೆ ಎಂಟೂ ಸ್ಟುಡಿಯೋ ಆಲ್ಬಮ್‌ಗಳನ್ನು ಸಾಲಾಗಿ ಹಿಡಿದು ನುಡಿಸಿಯೇ ನೋಡಿದೆ.

ಮಾಡಿದ ಕ್ರಮ ಇಷ್ಟೇ. ಹಾಡಿನ ವೇಗ ತಗ್ಗಿಸುವ ಆ್ಯಪ್ ಹಾಕಿಕೊಂಡು ಮೊದಲು ಬಲಗಾಲು, ಅಂದರೆ ಪೆಡಲ್ ತುಳಿದು ಬಾರಿಸುವ ಬೇಸ್ ಡ್ರಮ್ ಮಾತ್ರ ಕಲಿಯುವುದು. ಆಮೇಲೆ ಸ್ನೇರ್, ಅಂದರೆ ಎದುರಿನ ಚಿಕ್ಕ ಡ್ರಮ್. ಕೊನೆಗೆ ಹೈ-ಹ್ಯಾಟ್, ಒಂದರ ಮೇಲೊಂದು ಕೂತು ತೆರೆದು ಮುಚ್ಚುವ ಜೋಡಿ ತಟ್ಟೆ. ಫೋನಿನಲ್ಲಿ ರೆಕಾರ್ಡ್ ಮಾಡಿ, ಮಾರನೇ ದಿನ ತಾಜಾ ಕಿವಿಯಲ್ಲಿ ಮೂಲದ ಪಕ್ಕದಲ್ಲಿಟ್ಟು ಕೇಳುವುದು. ಲೆಕ್ಕಕ್ಕೆ ನಾನು ಚಿಕ್ಕಂದಿನಲ್ಲಿ ಕಲಿತ ಕೊನ್ನಕ್ಕೋಲ್, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕರ್ನಾಟಕ ಸಂಗೀತದ ಕಲೆ, ಬಳಸಿದೆ. ಮೂರಕ್ಷರದ ತಕಿಟ, ನಾಲ್ಕಕ್ಷರದ ತಕಧಿಮಿ ಬಾಯಲ್ಲಿ ಕೂತರೆ ಕಾಲಿಗೆ ಬೇಗ ಇಳಿಯುತ್ತದೆ. ಲೈವ್ ರೆಕಾರ್ಡಿಂಗ್‌ಗಳನ್ನು ಬೇಕೆಂದೇ ಬಿಟ್ಟೆ. ಅದು ಬೇರೆಯೇ ಚರ್ಚೆ.

ಮೊದಲ ಆಲ್ಬಮ್‌ನ ಮೊದಲ ಹಾಡು ‘ಗುಡ್ ಟೈಮ್ಸ್ ಬ್ಯಾಡ್ ಟೈಮ್ಸ್’. ಇಲ್ಲೇ ಡ್ರಮ್ಮರ್‌ಗಳು ಬೆಚ್ಚಿಬೀಳುತ್ತಾರೆ. ತಕಿಟದಲ್ಲಿ ‘ತ’ ಕೈಗೆ, ‘ಕಿಟ’ ಕಾಲಿಗೆ. ಎರಡು ಪೆಡಲ್ ಇಲ್ಲ, ಒಂದೇ ಪೆಡಲ್, ಒಂದೇ ಕಾಲು. ರೆಕಾರ್ಡ್ ಮಾಡುವಾಗ ಅವನಿಗೆ ಬರೀ 20 ವರ್ಷ. ಹಿಮ್ಮಡಿ ಎತ್ತಿ, ಪಾದವನ್ನು ಪೆಡಲ್ ಮೇಲೆ ಸ್ವಲ್ಪ ಮುಂದಕ್ಕೆ ಜಾರಿಸುತ್ತಾ ಹೊಡೆದಾಗ ನನಗೆ ದಾರಿ ಸಿಕ್ಕಿತು. ಗಮನಿಸಬೇಕಾದ್ದು ಬೇರೆ ಇದೆ. ಆ ‘ಕಿಟ’ ಜೋರಾಗಿಲ್ಲ. ಜೋರಾಗಿ ತುಳಿದರೆ ಆ ವೇಗವೇ ಬರುವುದಿಲ್ಲ.

‘ಮೋಬಿ ಡಿಕ್’ ಎರಡನೇ ಆಲ್ಬಮ್‌ನದು. ನಡುವೆ ಕಡ್ಡಿ ಬಿಟ್ಟು ಬರಿಗೈಯಲ್ಲಿ ಬಾರಿಸುತ್ತಾನೆ, ಅದು ಚೆಂದ. ಆದರೆ ಅದು ತನಿ, ಡ್ರಮ್ಮರ್ ಒಬ್ಬನೇ ನುಡಿಸುವುದು. ಒಬ್ಬ ಡ್ರಮ್ಮರ್ ಬ್ಯಾಂಡಿಗೆ ಏನು ಕೊಡುತ್ತಾನೆ ಅಂತ ತನಿಯಲ್ಲಿ ಗೊತ್ತಾಗುವುದಿಲ್ಲ, ಅಲ್ವಾ? ಅದನ್ನು ನಾನು ಪಟ್ಟಿಯಿಂದ ತೆಗೆದೆ.

ಮೂರನೇ ಆಲ್ಬಮ್‌ಗೆ ಬಂದಾಗ ನನ್ನ ವಾದ ಗಟ್ಟಿಯಾಗತೊಡಗಿತು. ‘ಸಿನ್ಸ್ ಐ’ವ್ ಬೀನ್ ಲವಿಂಗ್ ಯೂ’ ನಿಧಾನದ ಬ್ಲೂಸ್, ಏಳು ನಿಮಿಷಕ್ಕೂ ಜಾಸ್ತಿ. ಹೆಡ್‌ಫೋನ್ ಹಾಕಿ ಕೇಳಿದರೆ ಬಾನಮ್‌ನ ಪೆಡಲ್ ಕಿರ್ ಅನ್ನುವುದೂ ಕೇಳಿಸುತ್ತದೆ. ಅಷ್ಟು ನಿಧಾನದಲ್ಲಿ ಎರಡು ಏಟಿನ ನಡುವಿನ ಜಾಗ ದೊಡ್ಡದು. ಅಲ್ಲಿ ಏನಾದರೂ ತುಂಬಬೇಕು ಅಂತ ಕೈ ಚಡಪಡಿಸುತ್ತದೆ. ಅವನು ಕಾಯುತ್ತಾನೆ. ಗಾಯಕ ಪ್ಲಾಂಟ್ ಸಾಲು ಮುಗಿಸಿದ ಮೇಲೆ ಒಂದು ಫಿಲ್, ಅಂದರೆ ಖಾಲಿ ಜಾಗ ತುಂಬುವ ಚಿಕ್ಕ ವರಸೆ, ಹೊಡೆದು ಮತ್ತೆ ಹಿಂದೆ ಸರಿಯುತ್ತಾನೆ. ವೇಗದ ಹಾಡಿಗಿಂತ ಇದಕ್ಕೆ ನನಗೆ ಹೆಚ್ಚು ಸಮಯ ಹಿಡಿಯಿತು.

ಇನ್ನು ‘ಲೆವೀ’. 1971ರ ನಾಲ್ಕನೇ ಆಲ್ಬಮ್. ಹ್ಯಾಂಪ್‌ಶೈರ್‌ನ ಹೆಡ್ಲಿ ಗ್ರೇಂಜ್ ಎಂಬ ಹಳೇ ಮನೆಯ ಎತ್ತರದ ಹಜಾರದಲ್ಲಿ ಡ್ರಮ್ಸ್ ಇಟ್ಟು, ಇಂಜಿನಿಯರ್ ಆ್ಯಂಡಿ ಜಾನ್ಸ್ ಮೆಟ್ಟಿಲ ಮೇಲಿನಿಂದ ಎರಡು ಮೈಕ್ ಇಳಿಬಿಟ್ಟ. ಜೊತೆಗೆ ದನಿಗೆ ಪ್ರತಿಧ್ವನಿ ಸೇರಿಸುವ ಬಿನ್ಸನ್ ಎಕೋ ಯಂತ್ರ. ಆ ದನಿಯನ್ನು ಮುಂದೆ ಹಿಪ್-ಹಾಪ್‌ನವರು ತಮ್ಮ ಹಾಡುಗಳಿಗೆ ಕತ್ತರಿಸಿ ಹಾಕಿಕೊಂಡರು. ಅದೇ ಬೀಟನ್ನು ನಮ್ಮ ಜಾಮ್ ರೂಮಿನ ತಗ್ಗು ಸೀಲಿಂಗ್ ಕೆಳಗೆ ನುಡಿಸಿದೆ. ಉಳಿದದ್ದು ಸರಳವಾದ ಒಂದು ನಡೆ. ಏಟುಗಳನ್ನು ಕೂದಲೆಳೆಯಷ್ಟು ಹಿಂದಕ್ಕೆ ಇಟ್ಟಾಗ ಮಾತ್ರ ಅದಕ್ಕೆ ಭಾರ ಬರುತ್ತದೆ. ಆ ಇಡುವಿಕೆ ಬಾನಮ್‌ನದೇ, ಒಪ್ಪುತ್ತೇನೆ. ಆದರೆ ಆ ಹಾಡಿನ ಕೀರ್ತಿಯಲ್ಲಿ ಹಜಾರಕ್ಕೂ ಜಾನ್ಸ್‌ಗೂ ದೊಡ್ಡ ಪಾಲು ಸಲ್ಲಬೇಕು. ಅದೇ ಆಲ್ಬಮ್‌ನ ‘ಫೋರ್ ಸ್ಟಿಕ್ಸ್’ನಲ್ಲಿ ಒಂದೊಂದು ಕೈಯಲ್ಲಿ ಎರಡೆರಡು ಕಡ್ಡಿ ಹಿಡಿದಿದ್ದಾನೆ. ಹೆಸರು ಬಂದದ್ದೇ ಅಲ್ಲಿಂದ. 1972ರಲ್ಲಿ ಬ್ಯಾಂಡಿನ ಗಿಟಾರ್ ವಾದಕ ಪೇಜ್ ಮತ್ತು ಪ್ಲಾಂಟ್ ಇದನ್ನು ಬಾಂಬೆಯ ವಾದಕರ ಜೊತೆ ಮತ್ತೆ ರೆಕಾರ್ಡ್ ಮಾಡಿದರು. ಬಾನಮ್ ಅದರಲ್ಲಿರಲಿಲ್ಲ.

1973ರ ‘ದ ಓಷನ್’ ನಮ್ಮ ಲೆಕ್ಕದವರಿಗೆ ಹಬ್ಬ. ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ಸಾಲು, 15 ಅಕ್ಷರದ್ದು: ತಕಧಿಮಿ ಮೂರು ಸಲ, ಕೊನೆಗೆ ತಕಿಟ. ಎಣಿಸದೆ ಕೇಳಿದರೆ ಎಲ್ಲೂ ಎಡವಿದ ಹಾಗೆ ಅನ್ನಿಸುವುದಿಲ್ಲ. 1975ರ ‘ಕಾಶ್ಮೀರ್’ ಇದಕ್ಕಿಂತ ಗಟ್ಟಿ. ಗಿಟಾರ್ ಮೂರು ಎಣಿಕೆಯಲ್ಲಿ ಸುತ್ತುತ್ತದೆ, ಡ್ರಮ್ಸ್ ನಾಲ್ಕರಲ್ಲಿ. 12ಕ್ಕೊಮ್ಮೆ ಇಬ್ಬರೂ ಒಂದೇ ಕಡೆ ಬಂದು ಬೀಳುತ್ತಾರೆ. ಒಂದು ಕೈಯಲ್ಲಿ ಮೂರು, ಇನ್ನೊಂದು ಕೈಯಲ್ಲಿ ನಾಲ್ಕು ಹಾಕಿ ತೊಡೆ ಮೇಲೆ ಅಭ್ಯಾಸ ಮಾಡಿ, ಆಮೇಲೆ ಸೆಟ್‌ಗೆ ಹೋದೆ. ಗಿಟಾರ್ ಕಡೆ ಕಿವಿ ಹೋದರೆ ಕಾಲು ಅದರ ಹಿಂದೆ ಓಡುತ್ತದೆ. ಬಾನಮ್ ಎಂಟೂವರೆ ನಿಮಿಷ ಅಲ್ಲಾಡುವುದಿಲ್ಲ.

1976ರ ‘ಅಕಿಲೀಸ್ ಲಾಸ್ಟ್ ಸ್ಟ್ಯಾಂಡ್’ ಮ್ಯೂನಿಕ್‌ನಲ್ಲಿ ಮಾಡಿದ್ದು, ಹತ್ತು ನಿಮಿಷ ಮೀರಿದ ಓಟ. ಶಕ್ತಿಯ ಪರೀಕ್ಷೆ ಅಂದರೆ ಇದೇ. ಇದನ್ನು ಪೂರ್ತಿ ನುಡಿಸಿ ಎದ್ದ ದಿನ ನನಗಾದ ಖುಷಿ ಹೇಳಲಾರೆ.

ಆದರೂ ನನ್ನ ಮತ ‘ಫೂಲ್ ಇನ್ ದ ರೈನ್’ಗೆ. ಕೊನೆಯ ಆಲ್ಬಮ್, ಸ್ಟಾಕ್‌ಹೋಮ್‌ನ ಪೋಲಾರ್ ಸ್ಟುಡಿಯೋ. ಕೀಬೋರ್ಡ್ ಜಾಸ್ತಿ ಎಂದು ಅನೇಕ ಅಭಿಮಾನಿಗಳು ಈ ಆಲ್ಬಮ್ ಪಕ್ಕಕ್ಕಿಡುತ್ತಾರೆ. ಅವರು ಈ ಹಾಡಿನ ಎಡಗೈಯನ್ನು ಕೇಳಬೇಕು. ಇದು ಅರೆವೇಗದ ಶಫಲ್, ಅಂದರೆ ಮೂರರ ಲೆಕ್ಕದಲ್ಲಿ ತೂಗುವ ಬೀಟ್; ಅಮೆರಿಕದ ಡ್ರಮ್ಮರ್ ಬರ್ನಾರ್ಡ್ ಪರ್ಡಿ ಬೆಳೆಸಿದ ನಡೆ. ತಕಿಟದಲ್ಲಿ ‘ತ’ ಮತ್ತು ‘ಟ’ ಹೈ-ಹ್ಯಾಟ್‌ಗೆ. ನಡುವಿನ ‘ಕಿ’ ಸ್ನೇರ್ ಮೇಲೆ, ಉಸಿರಿನಷ್ಟು ಮೆಲ್ಲಗೆ. ಮೂರನೇ ಎಣಿಕೆಗೆ ಅದೇ ಎಡಗೈ ಪೂರ್ತಿ ಬಲದಲ್ಲಿ ಬೀಳಬೇಕು. ಬಿದ್ದ ಕೂಡಲೇ ಮತ್ತೆ ಮೆಲ್ಲಗಾಗಬೇಕು. ಇದರ ಜೊತೆಗೆ ಸರಿಯಾದ ಜಾಗದಲ್ಲಿ ಹೈ-ಹ್ಯಾಟ್ ಒಂದು ಕ್ಷಣ ತೆರೆದು ಮುಚ್ಚಬೇಕು. ನಡುವೆ ಬ್ರೆಜಿಲ್‌ನ ಕುಣಿತದ ಲಯ ಸಾಂಬಾಗೆ ಹಾರಿ ಮತ್ತೆ ಇದೇ ನಡೆಗೆ ಮರಳಬೇಕು. 26 ಇಂಚಿನ ಬೇಸ್ ಡ್ರಮ್ ಇಟ್ಟುಕೊಂಡು ರಾಕ್‌ನಲ್ಲೇ ದೊಡ್ಡ ದನಿಯವನು ಎನಿಸಿಕೊಂಡವನು ನುಡಿಸಿದ್ದು ಇದು. 1982ರ ‘ರೊಸಾನ’ ಹಾಡಿಗೆ ನಡೆ ಕಟ್ಟುವಾಗ ಅಮೆರಿಕದ ಟೋಟೋ ಬ್ಯಾಂಡಿನ ಡ್ರಮ್ಮರ್ ಜೆಫ್ ಪೊರ್ಕಾರೊ ಪರ್ಡಿಯ ಜೊತೆ ಬಾನಮ್‌ನ ಈ ಬೀಟನ್ನೂ ಬೆರೆಸಿದ.

ಎಂಟು ಆಲ್ಬಮ್ ನುಡಿಸಿದ ಮೇಲೆ ನನಗೆ ಖಚಿತವಾದದ್ದು ಇದು. ಬಾನಮ್ ದೊಡ್ಡವನಾದದ್ದು ಜೋರಾಗಿ ಹೊಡೆದುದರಿಂದ ಅಲ್ಲ. ಅವನ ಮೆಲ್ಲಗಿನ ಏಟುಗಳು ಅಷ್ಟು ಮೆಲ್ಲಗಿರುವುದರಿಂದಲೇ ಜೋರಿನ ಏಟು ಅಷ್ಟು ದೊಡ್ಡದಾಗಿ ಕೇಳಿಸುತ್ತದೆ. ಆ ಅಂತರ ‘ಫೂಲ್ ಇನ್ ದ ರೈನ್’ನಲ್ಲಿ ಇರುವಷ್ಟು ಬೇರೆಲ್ಲೂ ಇಲ್ಲ.

ಇದನ್ನು ಕಲಿಯಬೇಕು ಅನ್ನುವವರು ಹೈ-ಹ್ಯಾಟ್ ತೆರೆಯುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಎಡಗೈ ಒಂದನ್ನೇ ಪ್ರಾಕ್ಟೀಸ್ ಪ್ಯಾಡ್ ಮೇಲೆ ತಿದ್ದಿ. ಮೆಲ್ಲಗಿನ ಏಟಿಗೆ ಕಡ್ಡಿಯ ತುದಿ ಪ್ಯಾಡ್‌ನಿಂದ ಒಂದು ಇಂಚಿಗಿಂತ ಮೇಲೆ ಹೋಗಬಾರದು. ಅದು ಕೂತ ಮೇಲೆಯೇ ಬಲಗೈ ಸೇರಿಸಿ.