ಸ್ಯಾಪ್ ಸರ್ವರ್‌ಗೆ ಯಾರು ಹೋಗಬೇಕು: ಸ್ಯಾಪ್‌ರೌಟರ್ ಜೊತೆ ನನ್ನ ಅನುಭವ

ನಮ್ಮಲ್ಲಿ ಕಂಪನಿ ವ್ಯವಹಾರ ನೋಡಿಕೊಳ್ಳುವುದು ಸ್ಯಾಪ್ ಅನ್ನುವ ಸಾಫ್ಟ್‌ವೇರ್. ಹೊರಗಿನ ಕನ್ಸಲ್ಟೆಂಟ್‌ಗಳಿಗೆ ವಿಪಿಎನ್ ಕೊಟ್ಟರೆ ಸಾಕು, ಅದರ ಟೆಸ್ಟ್ ಸಿಸ್ಟಮ್ ಜೊತೆ ಪ್ರೊಡಕ್ಷನ್, ಅಂದರೆ ನಿಜವಾದ ಕೆಲಸ ನಡೆಯುವ ಸಿಸ್ಟಮ್ ಕೂಡ ಕೈಗೆ ಸಿಗುತ್ತಿತ್ತು. ಪಾಸ್‌ವರ್ಡ್ ಇದೆಯಲ್ಲ ಅಂತ ಎಲ್ಲರೂ ಸುಮ್ನಿದ್ದರು. ನನಗೆ ಅದು ಸರಿ ಕಾಣಲಿಲ್ಲ, ಮಧ್ಯೆ ಸ್ಯಾಪ್‌ರೌಟರ್ ಕೂರಿಸಿದೆ, ಅಂದರೆ ಬರುವ ಕನೆಕ್ಷನ್‌ಗಳಲ್ಲಿ ಯಾವುದನ್ನು ಒಳಗೆ ಬಿಡಬೇಕು ಅಂತ ನೋಡುವ ಸ್ಯಾಪ್‌ನದೇ ಪ್ರೋಗ್ರಾಂ.

ಇನ್‌ಸ್ಟಾಲ್ ಮಾಡುವುದು ದೊಡ್ಡ ವಿಷಯವಲ್ಲ. ಬೇರೆ ಒಂದು ಸಣ್ಣ ಮಷಿನ್, ಅದರಲ್ಲಿ 3299 ಪೋರ್ಟ್, ಅಷ್ಟೆ. ತಲೆ ಓಡಿಸಬೇಕಾದದ್ದು ಸ್ಯಾಪ್‌ರೌಟ್‌ಟ್ಯಾಬ್ ಅನ್ನುವ ಟೆಕ್ಸ್ಟ್ ಫೈಲ್‌ನಲ್ಲಿ. ಸಾಲು ಪಿ ಅಂತ ಶುರುವಾದರೆ ಬಿಡು, ಡಿ ಅಂದರೆ ಬಿಡಬೇಡ. ಆಮೇಲೆ ಎಲ್ಲಿಂದ, ಎಲ್ಲಿಗೆ, ಯಾವ ಪೋರ್ಟ್. ಮೇಲಿನಿಂದ ಓದುತ್ತಾ ಬಂದು ಮೊದಲು ಹೊಂದಿದ ಸಾಲನ್ನೇ ಹಿಡಿಯುತ್ತದೆ, ಹಾಗಾಗಿ ಮೇಲೆ ಸಡಿಲವಾದ ಸಾಲು ಇದ್ದರೆ ಕೆಳಗೆ ಎಷ್ಟು ಬಿಗಿ ಮಾಡಿದರೂ ಅಷ್ಟೇ. ಪಿ ಹಾಕಿ ಮುಂದೆ ಮೂರು ಸ್ಟಾರ್ ಇಡುವವರನ್ನು, ಅಂದರೆ ಯಾರು ಎಲ್ಲಿಗೆ ಬೇಕಾದರೂ ಹೋಗಲಿ ಅಂತ ಬಿಡುವವರನ್ನು ನೋಡಿದ್ದೇನೆ, ಅದಕ್ಕಿಂತ ರೌಟರ್ ಹಾಕದೇ ಇರುವುದೇ ವಾಸಿ. 2022ರಲ್ಲಿ ಬಂದ ಸಿವಿಇ-2022-27668 ಅನ್ನುವ ಭದ್ರತಾ ದೋಷ ಇದರದ್ದೇ ಕಥೆ: ಇಂಥ ಸಡಿಲ ಸಾಲಿದ್ದರೆ ಲಾಗಿನ್ ಇಲ್ಲದವರೂ ದೂರದಿಂದ ರೌಟರನ್ನೇ ನಿಲ್ಲಿಸಬಹುದಿತ್ತು.

ಮೊದಲು ಯಾರನ್ನೂ ತಡೆಯಲಿಲ್ಲ. ಸ್ಯಾಪ್ ತೆರೆಯುವ ಪ್ರೋಗ್ರಾಂ ಆದ ಸ್ಯಾಪ್ ಲಾಗಾನ್‌ನಲ್ಲಿ ಎಲ್ಲರಿಗೂ ರೌಟರ್ ಸ್ಟ್ರಿಂಗ್, ಅಂದರೆ ರೌಟರ್ ಮೂಲಕ ಹೋಗು ಅನ್ನುವ ವಿಳಾಸ ಹಾಕಿಸಿ, ರೌಟರ್ ಲಾಗ್ ಬರೆಯುವಂತೆ ಮಾಡಿ, ಯಾರು ಎಲ್ಲಿಗೆ ಹೋಗುತ್ತಾರೆ ಅಂತ ನೋಡಿದೆ. ಆಮೇಲೆ ಕನ್ಸಲ್ಟೆಂಟ್‌ಗಳಿಗೆ ಟೆಸ್ಟ್ ಸರ್ವರ್‌ನ 3200, ಅಂದರೆ ಜನ ಲಾಗಿನ್ ಆಗುವ ಪೋರ್ಟ್ ಮಾತ್ರ ಬಿಟ್ಟೆ. ಕೊನೆಗೆ ಫೈರ್‌ವಾಲ್‌ನಲ್ಲಿ ನೇರ ದಾರಿ ಮುಚ್ಚಿದೆ. ಇದನ್ನು ಮುಚ್ಚದಿದ್ದರೆ ಉಳಿದದ್ದೆಲ್ಲ ದಂಡ, ಅಲ್ವಾ?

ಮುಚ್ಚಿದ ತಕ್ಷಣ ಅಕೌಂಟ್ಸ್‌ನಿಂದ ಫೋನ್: "ಸರ್, ಲೇಬಲ್ ಪ್ರಿಂಟ್ ಆಗ್ತಿಲ್ಲ." ಯಾವುದೋ ಹಳೇ ಪ್ರೋಗ್ರಾಂ 3300ಕ್ಕೆ, ಅಂದರೆ ಬೇರೆ ಪ್ರೋಗ್ರಾಂಗಳು ಸ್ಯಾಪ್ ಜೊತೆ ಮಾತಾಡುವ ಒಳಗಿನ ಗೇಟ್‌ವೇಗೆ ನೇರ ಮಾತಾಡುತ್ತಿತ್ತು. ಈ ಪೋರ್ಟ್ ಬಗ್ಗೆ ಹುಷಾರಾಗಿರಬೇಕು, 2019ರಲ್ಲಿ ಟೆನ್‌ಕೆಬ್ಲೇಜ್ ಅಂತ ಸದ್ದು ಮಾಡಿದ ದಾಳಿ ಟೂಲ್‌ಗಳು ನುಗ್ಗುತ್ತಿದ್ದ ದಾರಿಗಳಲ್ಲಿ ಇದೂ ಒಂದು. ಆ ಒಂದು ಮಷಿನ್‌ಗೆ ಮಾತ್ರ ಬಿಟ್ಟು, ಗೇಟ್‌ವೇ ಯಾವ ಪ್ರೋಗ್ರಾಂಗಳನ್ನು ಒಪ್ಪಬೇಕು ಅಂತ ಬರೆದಿರುವ ಸೆಕ್‌ಇನ್ಫೋ, ರೆಗ್‌ಇನ್ಫೋ ಫೈಲ್‌ಗಳನ್ನೂ ಬಿಗಿ ಮಾಡಿದೆ.

ಇನ್ನೊಂದು ಮಾತು, ರೌಟರ್ ನೋಡುವುದು ವಿಳಾಸ ಮತ್ತು ಪೋರ್ಟ್. ಕೂತಿರುವ ಮನುಷ್ಯ ಯಾರು, ಏನು ಮಾಡಬಹುದು ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದಕ್ಕೆ ಸಿಸ್ಟಮ್ ಒಳಗಿನ ರೋಲ್‌ಗಳನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು.

ಈಗ ಸ್ಯಾಪ್‌ರೌಟ್‌ಟ್ಯಾಬ್‌ನ ಪ್ರತಿ ಸಾಲಿನ ಮೇಲೆ ಹ್ಯಾಶ್ (#) ಹಾಕಿ, ಬರೀ ಟಿಪ್ಪಣಿಯಾಗಿ, ಯಾರು ಕೇಳಿದ್ದು, ಯಾವತ್ತಿಗೆ ಮುಗಿಯುತ್ತದೆ ಅಂತ ಬರೆದಿಡುತ್ತೇನೆ. ಅವಧಿ ಮುಗಿದರೆ ಸಾಲು ತೆಗೆದು, ಸ್ಯಾಪ್‌ರೌಟರ್ ಕಮಾಂಡ್‌ಗೆ ಮೈನಸ್ ಎನ್ (-n) ಕೊಟ್ಟು ಫೈಲ್ ಮತ್ತೆ ಓದಿಸುತ್ತೇನೆ. ಆದರೆ ಆಗಲೇ ಒಳಗಿರುವ ಕನೆಕ್ಷನ್ ಇದರಿಂದ ಕಡಿಯುವುದಿಲ್ಲ, ಮೈನಸ್ ಎಲ್ (-l) ಕೊಟ್ಟು ಯಾರಿದ್ದಾರೆ ಅಂತ ನೋಡಿ ಕೈಯಾರೆ ಕಡಿಯಬೇಕು.