ಎದೆನೋವು ಶುರುವಾದ ಗಳಿಗೆಯಿಂದ ಆಸ್ಪತ್ರೆಯ ಬಾಗಿಲಿನವರೆಗೆ

ಹೃದಯಾಘಾತದ ಚಿಕಿತ್ಸೆ ಎಷ್ಟು ಫಲಿಸುತ್ತದೆ ಎಂಬುದು ವೈದ್ಯರ ಪರಿಣತಿಯನ್ನೂ ಆಸ್ಪತ್ರೆಯ ಸೌಲಭ್ಯವನ್ನೂ ಅವಲಂಬಿಸಿದೆ. ಆದರೆ ನೋವು ಕಾಣಿಸಿಕೊಂಡ ಮೇಲೆ ಆಸ್ಪತ್ರೆ ಸೇರುವವರೆಗಿನ ಅವಧಿ ಬಹುಮಟ್ಟಿಗೆ ರೋಗಿಯ ಮತ್ತು ಮನೆಯವರ ಕೈಯಲ್ಲಿರುತ್ತದೆ. ಹೆಚ್ಚು ಹೊತ್ತು ವ್ಯರ್ಥವಾಗುವುದೂ ಅಲ್ಲಿಯೇ.

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಧಮನಿ ಹೆಪ್ಪುಗಟ್ಟಿದ ರಕ್ತದಿಂದ ಪೂರ್ತಿ ಮುಚ್ಚಿಕೊಂಡಾಗ ಸ್ನಾಯು ಒಮ್ಮೆಲೇ ಸಾಯುವುದಿಲ್ಲ. ರೀಮರ್ ಮತ್ತು ಜೆನ್ನಿಂಗ್ಸ್ ಎಂಬ ವಿಜ್ಞಾನಿಗಳು ನಾಯಿಗಳ ಮೇಲೆ ನಡೆಸಿ 1977ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿಕೊಟ್ಟಂತೆ, ಸಾವು ಮೊದಲು ಒಳಪದರದಲ್ಲಿ ಆರಂಭವಾಗಿ, ಮುಂದಿನ ಕೆಲವು ಗಂಟೆಗಳಲ್ಲಿ ಅಲೆಯಂತೆ ಹೊರಪದರದತ್ತ ಹರಡುತ್ತದೆ. ಆ ಅಲೆ ಹೊರಪದರವನ್ನು ಮುಟ್ಟುವ ಮುನ್ನ ರಕ್ತದ ಹರಿವು ಮರಳಿದರೆ ಅಷ್ಟು ಸ್ನಾಯು ಉಳಿಯುತ್ತದೆ. ಹೆಪ್ಪು ಕರಗಿಸುವ ಔಷಧದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 1996ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಮೊದಲ ಗಂಟೆಯೊಳಗೆ ಔಷಧ ಪಡೆದ ಪ್ರತಿ 1,000 ರೋಗಿಗಳಲ್ಲಿ ಸುಮಾರು 65 ಜೀವಗಳು ಹೆಚ್ಚುವರಿಯಾಗಿ ಉಳಿದರೆ, ಎರಡನೆಯ ಗಂಟೆಯಲ್ಲಿ ಪಡೆದವರಲ್ಲಿ ಆ ಸಂಖ್ಯೆ ಸುಮಾರು 37ಕ್ಕೆ ಇಳಿದಿತ್ತು.

ಆದ್ದರಿಂದ ಮೊದಲ ಹೆಜ್ಜೆ, ಲಕ್ಷಣವನ್ನು ಗುರುತಿಸುವುದು. ಎದೆಯ ನಡುವೆ ಒತ್ತಿದಂತೆ, ಹಿಂಡಿದಂತೆ ಆಗುವುದು, ಆ ನೋವು ಎಡಗೈಗೋ ಎರಡೂ ಕೈಗಳಿಗೋ ದವಡೆಗೋ ಬೆನ್ನಿಗೋ ಹರಡುವುದು, ಜೊತೆಗೆ ಬೆವರು, ವಾಕರಿಕೆ, ಉಸಿರುಕಟ್ಟುವಿಕೆ ಕಾಣಿಸಿಕೊಳ್ಳುವುದು ಎಲ್ಲರೂ ಬಲ್ಲ ಚಿತ್ರ. ಮಧುಮೇಹಿಗಳಲ್ಲಿ, ವಯಸ್ಸಾದವರಲ್ಲಿ ಮತ್ತು ಮಹಿಳೆಯರಲ್ಲಿ ನೋವು ತೀರ ಸೌಮ್ಯವಾಗಿರಬಹುದು; ವಿಪರೀತ ಸುಸ್ತು ಅಥವಾ ಏದುಸಿರು ಮಾತ್ರ ಕಾಣಬಹುದು. ಗ್ಯಾಸ್ಟ್ರಿಕ್ ಇರಬೇಕು ಎಂದುಕೊಂಡು ಮಾತ್ರೆ ನುಂಗಿ ಮಲಗುವ ಅಭ್ಯಾಸದಿಂದ ಎಷ್ಟೋ ಮಂದಿ ಮೊದಲ ಗಂಟೆಯನ್ನು ಕಳೆದುಕೊಳ್ಳುತ್ತಾರೆ. ಇಂತಹ ತೊಂದರೆ ಕೆಲವು ನಿಮಿಷಗಳಲ್ಲಿ ಶಮನವಾಗದಿದ್ದರೆ ಅದನ್ನು ಹೃದಯದ ತೊಂದರೆಯೆಂದೇ ಭಾವಿಸಬೇಕು.

ಎರಡನೆಯದು, ಗಡಿಯಾರ ನೋಡಿ ಲಕ್ಷಣ ಶುರುವಾದ ಸಮಯವನ್ನು ಬರೆದುಕೊಂಡು ಆಂಬುಲೆನ್ಸ್‌ಗೆ ಕರೆಮಾಡುವುದು. ರೋಗಿ ತಾನೇ ವಾಹನ ನಡೆಸಬಾರದು. ಹೃದಯಾಘಾತದ ಮೊದಲ ಗಂಟೆಗಳಲ್ಲಿ ಹೃದಯದ ಲಯ ದಿಢೀರನೆ ಕೆಟ್ಟು ಬಡಿತವೇ ನಿಲ್ಲುವ ಅಪಾಯ ಹೆಚ್ಚು. ಹಾಗೆ ನಿಂತಾಗ ಎದೆಯೊತ್ತುವಿಕೆಯೂ ಲಯ ಸರಿಪಡಿಸುವ ಯಂತ್ರದ ವಿದ್ಯುದಾಘಾತವೂ ಸಿಗದಿದ್ದರೆ ಬದುಕುವ ಸಾಧ್ಯತೆ ನಿಮಿಷಕ್ಕೆ ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆ. ಆಂಬುಲೆನ್ಸ್‌ನಲ್ಲಿಯೇ ಇಸಿಜಿ ತೆಗೆದು ಆಸ್ಪತ್ರೆಗೆ ಮುಂಚಿತವಾಗಿ ತಿಳಿಸುವ ವ್ಯವಸ್ಥೆಯಿದ್ದರೆ, ರೋಗಿ ತಲುಪುವಷ್ಟರಲ್ಲಿ ತಂಡ ಸಿದ್ಧವಾಗಿರುತ್ತದೆ. ಕಾಯುವಾಗ ಆಸ್ಪಿರಿನ್ ಜಗಿಯಬೇಕೇ ಎಂಬುದನ್ನು ಕರೆ ಸ್ವೀಕರಿಸಿದವರನ್ನೇ ಕೇಳಬೇಕು. ಅದರ ಅಲರ್ಜಿ ಅಥವಾ ರಕ್ತಸ್ರಾವದ ತೊಂದರೆ ಇದ್ದವರಿಗೆ ಅದು ಸಲ್ಲದು.

ಮೂರನೆಯದು, ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ. ಆಂಜಿಯೋಪ್ಲಾಸ್ಟಿ, ಅಂದರೆ ಮುಚ್ಚಿದ ಧಮನಿಯನ್ನು ಬಲೂನಿನಿಂದ ತೆರೆಯುವ ಚಿಕಿತ್ಸೆ, ಮಾಡುವ ವಿಶೇಷ ಕೊಠಡಿ (ಕ್ಯಾತ್ ಲ್ಯಾಬ್) ಇರುವ ಆಸ್ಪತ್ರೆ ಹತ್ತಿರದಲ್ಲಿದ್ದರೆ ನೇರವಾಗಿ ಅಲ್ಲಿಗೇ ಹೋಗುವುದು ಮೇಲು. ರೋಗಿ ಬಂದ 10 ನಿಮಿಷದೊಳಗೆ ಇಸಿಜಿ, ಧಮನಿ ಪೂರ್ತಿ ಮುಚ್ಚಿದ್ದರೆ 90 ನಿಮಿಷದೊಳಗೆ ಬಲೂನಿನಿಂದ ಅದನ್ನು ತೆರೆಯುವುದು, ಇದು ಮಾರ್ಗಸೂಚಿಗಳು ಇಟ್ಟಿರುವ ಗುರಿ. ಮೊದಲು ತಲುಪಿದ ಆಸ್ಪತ್ರೆಯಲ್ಲಿ ಈ ಸೌಲಭ್ಯವಿಲ್ಲದೆ, ಬೇರೆಡೆ ಆಂಜಿಯೋಪ್ಲಾಸ್ಟಿ 120 ನಿಮಿಷದೊಳಗೆ ಸಾಧ್ಯವಿಲ್ಲವೆಂದಾದರೆ, ಯೋಗ್ಯರಾದ ರೋಗಿಗಳಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಟ್ಟು ನಂತರ ದೊಡ್ಡ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಸಣ್ಣ ಆಸ್ಪತ್ರೆಯಲ್ಲಿ ಈ ಚುಚ್ಚುಮದ್ದು ಕೊಡುತ್ತೇವೆಂದರೆ ಮನೆಯವರು ಅನುಮಾನಿಸಿ ತಡಮಾಡಬಾರದು.

ರಾತ್ರಿ ಅಥವಾ ವಾರಾಂತ್ಯದಲ್ಲಿ ದಾಖಲಾದರೆ ಚಿಕಿತ್ಸೆ ಸರಿಯಾಗಿ ಸಿಗದು ಎಂಬ ಅಳುಕು ಹಲವರಲ್ಲಿದೆ, ಅದಕ್ಕೆ ಸ್ವಲ್ಪ ಆಧಾರವೂ ಇದೆ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಬಾಗಿಲು ದಾಟಿದಲ್ಲಿಂದ ಬಲೂನು ಹಿಗ್ಗಿಸುವವರೆಗಿನ ಸಮಯ ಕೆಲಸದ ವೇಳೆಯಲ್ಲಿ ಸರಾಸರಿ 95 ನಿಮಿಷವಿದ್ದರೆ, ಉಳಿದ ವೇಳೆಯಲ್ಲಿ 116 ನಿಮಿಷವಿತ್ತು. ನ್ಯೂಜೆರ್ಸಿಯ ದಾಖಲೆಗಳನ್ನು ಆಧರಿಸಿದ 2007ರ ಅಧ್ಯಯನದಲ್ಲಿ, ವಾರಾಂತ್ಯದಲ್ಲಿ ಸೇರಿದವರ 30 ದಿನಗಳ ಸಾವಿನ ಪ್ರಮಾಣ ಶೇಕಡಾ 12.9, ವಾರದ ದಿನಗಳಲ್ಲಿ ಸೇರಿದವರದು ಶೇಕಡಾ 12 ಆಗಿತ್ತು. ತಂತ್ರಜ್ಞರನ್ನೂ ವೈದ್ಯರನ್ನೂ ಮನೆಯಿಂದ ಕರೆಸಿಕೊಳ್ಳಬೇಕಾಗುವುದು ಇಂತಹ ವಿಳಂಬಕ್ಕೆ ಒಂದು ಕಾರಣ. ಆದರೆ ಲೆಕ್ಕವನ್ನು ಸರಿಯಾಗಿ ಹಾಕಬೇಕು. ರಾತ್ರಿ 2 ಗಂಟೆಗೆ ನೋವು ಬಂದವರು ಆಗಲೇ ಹೊರಟರೆ ಇಂತಹ ಕಡೆ 20 ನಿಮಿಷದಷ್ಟು ಕಳೆದುಕೊಳ್ಳಬಹುದು. ಬೆಳಗಿನ 8ರವರೆಗೆ ಕಾದರೆ 6 ಗಂಟೆ ಕಳೆದುಕೊಳ್ಳುತ್ತಾರೆ, ಆ ಹೊತ್ತಿಗೆ ಉಳಿಸಿಕೊಳ್ಳಬಹುದಾದ ಸ್ನಾಯುವಿನ ಹೆಚ್ಚಿನ ಭಾಗ ಹೋಗಿರುತ್ತದೆ.

ಪಾರ್ಶ್ವವಾಯುವಿನಲ್ಲಿಯೂ ಕ್ರಮ ಇದೇ, ಗಡುವು ಮಾತ್ರ ಬೇರೆ. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಹೊರಡಬೇಕು. ಆದರೆ ಸ್ಕ್ಯಾನ್ ಮಾಡಿ ರಕ್ತಸ್ರಾವವಿಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್ ಕೊಡಬಾರದು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿಯಿದೆ. ದೊಡ್ಡ ರಕ್ತನಾಳ ಮುಚ್ಚಿದ ಆಯ್ದ ರೋಗಿಗಳಲ್ಲಿ ರಕ್ತನಾಳದೊಳಗೆ ತೂರಿಸುವ ನಳಿಕೆಯಿಂದ (ಕ್ಯಾತಿಟರ್) ಹೆಪ್ಪು ಹೊರತೆಗೆಯುವ ಚಿಕಿತ್ಸೆಯನ್ನು 24 ಗಂಟೆಯವರೆಗೂ ಪರಿಗಣಿಸುತ್ತಾರೆ. ನಿದ್ದೆಯಿಂದ ಏಳುವಾಗಲೇ ಲಕ್ಷಣಗಳಿದ್ದರೆ, ರೋಗಿಯನ್ನು ಚೆನ್ನಾಗಿದ್ದಾಗ ಕೊನೆಯ ಬಾರಿ ಕಂಡ ಸಮಯದಿಂದ ಎಣಿಕೆ ಶುರುವಾಗುತ್ತದೆ. ಹಾಗಾಗಿ ಆ ಸಮಯವನ್ನು ಖಚಿತವಾಗಿ ಹೇಳಬಲ್ಲವರೇ ರೋಗಿಯ ಜೊತೆ ಆಂಬುಲೆನ್ಸ್ ಹತ್ತಬೇಕು.