ಅಂಗಳದ ಪಾಚಿ ತೆಗೆಯುವ ಹೊತ್ತು

ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಮಲೆನಾಡಿನಲ್ಲಿ ಮನೆಮನೆಯಲ್ಲೂ ಅಂಗಳ ಉಜ್ಜುವ ಕೆಲಸ ಶುರುವಾಗುತ್ತದೆ. ಅಷ್ಟು ಕಷ್ಟಪಡಬೇಡಿ. 15ರಿಂದ 25 ಡಿಗ್ರಿಯ ತಂಪು ಪಾಚಿಗೆ ಬಲು ಇಷ್ಟ. ಜಡಿಮಳೆಯ ದಿನಗಳು ಹೆಚ್ಚುಕಡಿಮೆ ಹಾಗೇ ಇರುತ್ತವೆ ಅಲ್ವಾ? ಆಗ ಉಜ್ಜಿದರೆ ಅದು ಅಂಗಳದ ತುಂಬ ಹಂಚಿಹೋಗುತ್ತದೆ.

ಪಾಚಿ ಹಬ್ಬಲು ಬೀಜ ಬೇಕಿಲ್ಲ. ಮುರಿದ ಎಲೆಯ ಚೂರೊಂದು ಒದ್ದೆ ಕಲ್ಲಿನ ಸಂದಿಗೆ ಬಿದ್ದರೂ ಸಾಕು, ಅದರಿಂದ ಹಸಿರು ಎಳೆಗಳು ಹೊರಟು ಹೊಸ ಗಿಡ ಏಳುತ್ತದೆ. ಬಾವಿಕಟ್ಟೆಯ ಬುಡದಲ್ಲಿ ಚಪ್ಪಟೆಯಾಗಿ ನೆಲಕ್ಕಂಟಿದ ಹಸಿರು ಕಂಡರೆ ಬಗ್ಗಿ ನೋಡಿ. ಅದು ಪಾಚಿಯ ನೆಂಟ. ಮೈಮೇಲೆ ಪುಟ್ಟ ಪುಟ್ಟ ಬಟ್ಟಲು, ಒಳಗೆ ಹಸಿರು ಚೂರುಗಳು. ಮಳೆಹನಿ ಬಟ್ಟಲಿಗೆ ಬಿದ್ದಾಗ ಅವು ಸಿಡಿದು ಗೇಣು, ಎರಡು ಗೇಣು ಆಚೆ ಬಿದ್ದು ಅಲ್ಲೇ ಬೆಳೆಯುತ್ತವೆ.

ಬೇಸಿಗೆಯಲ್ಲಿ ಪಾಚಿ ಕಂದಾಗಿ ಮುರುಟುತ್ತದೆ. ಸತ್ತಿತು ಅಂತ ಬಿಡಬೇಡಿ. ಒಂದು ಬೊಗಸೆ ನೀರು ಹಾಕಿ ನೋಡಿ, ಸ್ವಲ್ಪ ಹೊತ್ತಿಗೇ ಎಲೆ ಬಿಚ್ಚಿ ಹಸಿರಾಗುತ್ತದೆ. ಅದಕ್ಕೆ ನಿಜವಾದ ಬೇರಿಲ್ಲ, ಮೈಯಿಂದಲೇ ನೀರು ಕುಡಿಯುತ್ತದೆ.

ಯುಗಾದಿ ಕಳೆದ ಮೇಲೆ ತೆಗೆಯಿರಿ. ಆದರೆ ಒಣಗಿದ್ದನ್ನು ಹಾಗೇ ಕೆರೆದರೆ ಪುಡಿಯಾಗಿ ಹಾರುತ್ತದೆ, ಆ ಪುಡಿಯೇ ಮುಂದಿನ ಮಳೆಗಾಲದ ಬಿತ್ತನೆ. ಮೊದಲು ನೀರು ಚಿಮುಕಿಸಿ. ಹತ್ತು ನಿಮಿಷ ಬಿಟ್ಟು ಗಾರೆ ಕೆಲಸದ ಕರಣೆಯನ್ನು ಅಡಿಗೆ ತೂರಿಸಿದರೆ ಚಾಪೆಯ ಹಾಗೆ ಎದ್ದುಬರುತ್ತದೆ. ಬುಟ್ಟಿಗೆ ತುಂಬಿ, ಉದುರಿದ್ದನ್ನೂ ಗುಡಿಸಿ. ನೆಲ ಇನ್ನೂ ಒದ್ದೆಯಿರುವಾಗಲೇ ಬಚ್ಚಲ ಹಂಡೆಯ ಕುದಿನೀರನ್ನು ಸಂದಿಗಳಿಗೆ ಹುಷಾರಾಗಿ ಹೊಯ್ಯಿರಿ. ಒಣಗಿದ ಪಾಚಿ ಎಂಥ ಬಿಸಿಲನ್ನೂ ತಡೆಯುತ್ತದೆ, ನೆನೆದದ್ದು ಕುದಿನೀರು ತಡೆಯುವುದಿಲ್ಲ. ನೆಲ ಆರಿದ ಮೇಲೆ ಸಂದಿಗೆ ಸುಣ್ಣ ತುಂಬಿ.

ಮಳೆಗಾಲದಲ್ಲಿ ಕಾಲು ಜಾರಿಸುವುದು ಹೆಚ್ಚಾಗಿ ಲೋಳೆ ಲೋಳೆಯಾದ ಇನ್ನೊಂದು ಪಾಚಿ. ಓಡಾಡುವ ಜಾಗದಲ್ಲಿ ಅಡಿಕೆ ದಬ್ಬೆ ಹಾಸಿ. ಮೆಟ್ಟಿಲಿಗೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಬಹುದು. ಆದರೆ ಅದರ ಜೊತೆ ಆಸಿಡ್ ಮಾತ್ರ ಬೆರೆಸಲೇಬೇಡಿ, ಹೊರಡುವ ಹೊಗೆ ಜೀವಕ್ಕೇ ಅಪಾಯ.

ಮರದ ಮೇಲಿನ ಪಾಚಿಯನ್ನು ಸುಮ್ನೆ ಬಿಟ್ಟುಬಿಡಿ. ಅದು ಮರದ ರಸ ಹೀರುವುದಿಲ್ಲ. ಬುಟ್ಟಿಗೆ ತುಂಬಿದ್ದನ್ನೂ ಎಸೆಯಬೇಡಿ, ಆಂಥೂರಿಯಂ ಕುಂಡದ ಮಣ್ಣಿನ ಮೇಲೆ ಹೊದಿಸಿ. ಬೇಸಿಗೆಯಲ್ಲಿ ತೇವ ಜಾಸ್ತಿ ಹೊತ್ತು ನಿಲ್ಲುತ್ತದೆ.